ವಾರ್ತೆಯ ಹಿಂದಿನ ಗದ್ದಲ

ಕಳವಾ ಎಂಬ ಉಪನಗರದ ಒಂದು ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆಗೆ ಪಾಠ ಹೇಳುತ್ತೇನೆ. ಡೊಂಬಿವಲಿಯಿಂದ ದಿನವೂ ಸ್ಲೋ ಲೋಕಲ್ ಹಿಡಿದು ಬರುವವಳು. ಆ ನೂಕುನುಗ್ಗಲಿನಲ್ಲೇ ನನ್ನ ಸಿಟ್ಟೆಲ್ಲ ಖರ್ಚಾಗಿ ಹೋಗಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತುವಾಗಲೂ ಇನ್ನೂ ಸಾಕಷ್ಟು ಉಳಿದಿರುತ್ತದೆ ಎಂದು ನನ್ನ ಮಕ್ಕಳು ಹೇಳುತ್ತಾರೆ. ಮಕ್ಕಳು ಎಂದರೆ ತರಗತಿಯವರು. ಮನೆಯಲ್ಲಿರುವ ಒಬ್ಬ ಮಗ ಈಗ ದೊಡ್ಡವನಾಗಿದ್ದಾನೆ, ನಾನು ಬೈದರೆ ನಗುತ್ತಾನೆ, ಅವನಿಂದ ಏನೂ ಪ್ರಯೋಜನವಿಲ್ಲ.

ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ತಂದೆತಾಯಿಯರಿಗೆ ತಿಳಿಸುತ್ತಿರಬೇಕು ಎಂಬುದು ನಮ್ಮ ಶಾಲೆಯ ನಿಯಮ. ಮೊದಮೊದಲು ನಾನು ವಾಟ್ಸಾಪ್ ಗುಂಪಿನಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದು ಹಾಕುತ್ತಿದ್ದೆ. ನನ್ನ ಪಾಂಡಿತ್ಯವನ್ನು ಒಬ್ಬರೂ ಓದಲಿಲ್ಲ. ಕೆಲವರು ಶಾಲೆಯನ್ನೇ ಕಂಡವರಲ್ಲ, ಕೆಲವರು ಇಲ್ಲೇ ಮರಾಠಿಯಲ್ಲಿ ಕಲಿತವರು, ಓದಬಲ್ಲವರಿಗೆ ಪುರುಸೊತ್ತಿಲ್ಲ. ಆದರೆ ಫೋನನ್ನು ಕಿವಿಗೆ ಹಿಡಿಯಲು ಎಲ್ಲರಿಗೂ ಬರುತ್ತದೆ. ಲೋಕಲ್‌ನಲ್ಲಿ ಜೋತುಬಿದ್ದಾಗಲೂ, ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಲಾರಿಯ ನೆರಳಿನಲ್ಲಿ ಊಟಕ್ಕೆ ಕೂತಾಗಲೂ ಕೇಳಬಹುದು. ಹಾಗೆ ಶುರುವಾದದ್ದು ನಮ್ಮ ‘ವಾರ್ತೆ’. ಶಾಲೆ ಬಿಡುವ ಮೊದಲು ದಿನಕ್ಕೊಂದು ಮಗು ನನ್ನ ಫೋನಿನ ಮುಂದೆ ನಿಂತು ಅಂದಿನ ಸುದ್ದಿ ಹೇಳಬೇಕು. ಚಾಡಿ ಹೇಳಬಾರದು, ಸುಳ್ಳು ಹೇಳಬಾರದು, ಇಷ್ಟೇ ಷರತ್ತು.

ಸತ್ಯಕ್ಕೆ ಷರತ್ತು ಹಾಕಿದ್ದರ ಫಲವನ್ನು ಮೊದಲ ವಾರವೇ ಉಂಡೆ. “ನಮಸ್ಕಾರ. ಇವತ್ತು ಗೋಡೆ ಮೇಲಿಂದ ಹಲ್ಲಿ ಬಿತ್ತು. ಟೀಚರ್ ಕುರ್ಸಿ ಮೇಲೆ ಚಢ್ ಗಯೇ. ಆಮೇಲೆ ನಮಗೆ ಧೈರ್ಯದ ಬಗ್ಗೆ ಪಾಠ ಹೇಳಿದರು. ಧನ್ಯವಾದ.” ಕಳಿಸದೆ ಇರಬಹುದಿತ್ತು. ಕಳಿಸಿದೆ. ಅಂದು ಸಂಜೆ ಗೇಟಿನಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೆಲ್ಲ ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಆ ವರ್ಷ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕಿಟಕಿಯ ಪಕ್ಕದ ಬೆಂಚು, ಎರಡು ಬಿಗಿ ಜಡೆ, ಕೈತುಂಬ ಗಾಜಿನ ಬಳೆ. ಅಪ್ಪ ತುರ್ಭೆಯಲ್ಲಿ ಮೂಟೆ ಹೊರುವವನು, ವಿಜಯಪುರದ ಕಡೆಯವನು. ತಾಯಿ ಎರಡನೇ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಗಂಡುಮಗು ತಿಂಗಳು ತುಂಬುವ ಮೊದಲೇ ಹುಟ್ಟಿ, ತೂಕ ಬರುವ ತನಕ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಶಾಲೆ ತಪ್ಪಬಾರದೆಂದು ಹುಡುಗಿಯನ್ನು ಇಲ್ಲೇ, ಪಕ್ಕದ ಖೋಲಿಯಲ್ಲಿದ್ದ ಸೋದರತ್ತೆಯ ಸುಪರ್ದಿಗೆ ಬಿಟ್ಟಿದ್ದರು. ದೊಡ್ಡವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹುಡುಗಿಯ ಲೆಕ್ಕದಲ್ಲಿ ಮಾತ್ರ ಅವ್ವ ಹೊಸ ಮಗುವಿಗಾಗಿ ತನ್ನನ್ನು ಬಿಟ್ಟು ಹೋಗಿದ್ದಳು.

“ಅವರವ್ವನ ಫೋನ್ ಬಂದ್ರ ಮೂಲ್ಯಾಗ ಹೋಗಿ ನಿಂದರತೈತ್ರಿ,” ಎಂದು ಅಪ್ಪ ಒಂದು ದಿನ ಗೇಟಿನ ಬಳಿ ನನಗೆ ಹೇಳಿದ. “ಒಂದ್ ಮಾತೂ ಆಡೂದಿಲ್ಲ. ಆಕಿ ಅಲ್ಲಿ ಅಳತಾಳ, ಇದು ಇಲ್ಲಿ ಗ್ವಾಡಿ ನೋಡತೈತಿ. ನೀವ ಏನರ ಹೇಳ್ರಿ ಅಕ್ಕೋರ.”

ಹೇಳಿ ನೋಡಿದೆ. ಹುಡುಗಿ ನನ್ನ ಮುಖವನ್ನು ಗಂಭೀರವಾಗಿ ನೋಡಿ, “ಮೇರೇಕೋ ಬಾತ್ ನಹೀ ಕರ್ನೀ,” ಎಂದಳು. ಮಾತಾಡುವುದಿಲ್ಲ ಎಂದರೆ ಇಲ್ಲ. ವಾರ್ತೆಯ ಸರದಿ ಬಂದಾಗಲೂ ಅದೇ. ಗುಂಪಿನಲ್ಲಿ ಅವ್ವ ಇದ್ದಾಳೆಂದು ಅವಳಿಗೆ ಗೊತ್ತಿತ್ತು. ತಾಯಿ ಊರಿಗೆ ಹೋಗುವಾಗ, ಮಗಳ ಶಾಲೆಯ ಸುದ್ದಿಯಾದರೂ ತಿಳಿಯಲಿ ಎಂದು ತನ್ನನ್ನು ಸೇರಿಸಲು ಕೇಳಿಕೊಂಡಿದ್ದಳು, ನಾನೇ ಸೇರಿಸಿದ್ದೆ. ಅವಳು ಅಲ್ಲಿ ಎಂದೂ ಒಂದು ಅಕ್ಷರವನ್ನೂ ಹಾಕಿದವಳಲ್ಲ. ವಾರ್ತೆ ಕೇಳಿದ ಗುರುತಿನ ನೀಲಿ ಮೈಕು ಮಾತ್ರ ಕಳಿಸಿದ ಕೂಡಲೇ ಅವಳ ಹೆಸರಿನ ಮುಂದೆ ಕಾಣಿಸುತ್ತಿತ್ತು. ಸಣ್ಣ ವಯಸ್ಸಿನ ಸಿಟ್ಟು, ತಾನೇ ಇಳಿಯುತ್ತದೆ ಎಂದುಕೊಂಡಿದ್ದೆ. ತಿಂಗಳು ಕಳೆದರೂ ಇಳಿಯಲಿಲ್ಲ, ನನಗೂ ದಿಗಿಲಾಗತೊಡಗಿತು. ಹೀಗೇ ಗಟ್ಟಿಯಾಗಿಬಿಟ್ಟರೆ, ತಾಯಿ ತಮ್ಮನನ್ನು ಎತ್ತಿಕೊಂಡು ಬಂದ ದಿನ ಇವಳು ಬಾಗಿಲಲ್ಲಿ ಪರಕೀಯಳ ಹಾಗೆ ನಿಂತಿರುತ್ತಾಳಲ್ಲ ಎನಿಸುತ್ತಿತ್ತು.

ಇದರ ನಡುವೆ ಇನ್ನೊಬ್ಬ ಹುಡುಗನ ತಂದೆಯಿಂದ ಒಂದು ಸಲಹೆ ಬಂತು. ಮೈಸೂರಿನವರು, ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು. ಅಕ್ಕಪಕ್ಕದವರೆಲ್ಲ ಇಂಗ್ಲಿಷ್ ಶಾಲೆಗೆ ಹಾಕಿದಾಗ ಹಟ ಹಿಡಿದು ಮಗನನ್ನು ಕನ್ನಡ ಶಾಲೆಗೆ ಹಾಕಿದ ಮನುಷ್ಯ, ಅದಕ್ಕೇ ಅವರ ಮಾತಿಗೆ ನಾನು ತುಸು ಹೆಚ್ಚೇ ಬೆಲೆ ಕೊಡುತ್ತೇನೆ. “ಮೇಡಂ, ತಪ್ಪು ತಿಳ್ಕೋಬೇಡಿ. ಹಿಂದೆ ತುಂಬಾ ಗಲಾಟೆ ಇರತ್ತೆ, ಮಗು ಏನು ಹೇಳ್ತು ಅಂತಾನೇ ಗೊತ್ತಾಗಲ್ಲ. ಸ್ವಲ್ಪ ಹೊರಗಡೆ ರೆಕಾರ್ಡ್ ಮಾಡಿದ್ರೆ ಚೆನ್ನಾಗಿರತ್ತೆ ಅಲ್ವಾ?”

ಅವರು ಹೇಳಿದ್ದು ನಿಜ. ಶಾಲೆ ಬಿಡುವ ಹೊತ್ತಿನ ತರಗತಿ ಅಂದರೆ ಸಂತೆ. ನಾನು ವಾರ್ತೆಗಾರರನ್ನು ಮೆಟ್ಟಿಲ ಬಳಿಗೆ ಕರೆದೊಯ್ದು, ಬಾಗಿಲು ಎಳೆದುಕೊಂಡು ರೆಕಾರ್ಡ್ ಮಾಡತೊಡಗಿದೆ. ಆಕಾಶವಾಣಿಯಷ್ಟು ಸ್ಪಷ್ಟ. ಗುಂಪಿನಲ್ಲಿ ಹೆಬ್ಬೆರಳುಗಳು ಮೇಲೆದ್ದವು, ಕೈಮುಗಿದ ಚಿತ್ರಗಳು ಬಂದವು. ನಾನೂ ಉಬ್ಬಿದೆ.

ಕೆಲವು ದಿನಗಳ ನಂತರ, ಊಟದ ಬಿಡುವಿನಲ್ಲಿ ಒಂದು ಕರೆ ಬಂತು. ಆ ಹುಡುಗಿಯ ತಾಯಿ. ಮೆಲುದನಿ, ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ದನಿ.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ್ ಕೇಳ್ಲಿ? ವಾರ್ತಾ ಮೊದಲಿನಂಗ ಒಳಗ ಮಾಡಾಕ ಬರೂದಿಲ್ಲೇನ್ರಿ?”

“ಯಾಕಮ್ಮ? ಈಗ ಚೆನ್ನಾಗಿ ಕೇಳಿಸೋದಿಲ್ವ?” ಎಂದೆ. ಸ್ವಲ್ಪ ಗಡಸಾಗಿಯೇ ಕೇಳಿದೆನೇನೋ.

“ಹುಡುಗೂರು ಹೇಳೂದು ಚಲೋ ಕೇಳತೈತ್ರಿ. ಹಿಂದಿಂದು ಕೇಳವಲ್ದು. ಮೊದಲ ನಮ್ಮ ಹುಡುಗಿ ಹಿಂದ ಇರತಿದ್ಲಲ್ರೀ. ಬಳಿ ಬೆಂಚಿಗಿ ಬಡೀತಿದ್ಲು. ಆಕಿ ಸೀನಿದ್ರ ಎರಡೆರಡು ಸಲ ಸೀನತಾಳ್ರಿ, ಅದು ಕೇಳತಿತ್ತು. ಒಂದ್ ದಿನ ನಕ್ಕಿದ್ಲು. ಅದನ್ನ ಹತ್ತ್ ಸಲ ಹಚ್ಚಿ ಕೇಳೀನ್ರಿ. ನನ್ನ ಜೋಡಿ ಮಾತಾಡದಿದ್ರ ಇರವಲ್ಲದ್ಯಾಕ. ಅಷ್ಟರ ನನಗ ಕೇಳಲಿ.”

ಡಬ್ಬಿಯನ್ನು ಮುಚ್ಚಿಟ್ಟೆ. ಇಷ್ಟು ದಿನ ನಾನು ಗದ್ದಲವೆಂದು ಹೊರಗಿಟ್ಟದ್ದನ್ನೇ ಈಕೆ ಅಲ್ಲಿ ಕೂತು ಕಿವಿಗೆ ಒತ್ತಿಕೊಂಡು ಆರಿಸಿಕೊಳ್ಳುತ್ತಿದ್ದಳು. ಜೋರಾಗಿ ಕೆಮ್ಮಿ, “ಇವತ್ತಿಂದಲೇ ಒಳಗೆ,” ಎಂದು ಫೋನ್ ಇಟ್ಟೆ. ಮೈಸೂರಿನವರಿಗೂ ವಿಷಯ ತಿಳಿಸಿದೆ. ಅವರು “ದಯವಿಟ್ಟು ಒಳಗೇ ರೆಕಾರ್ಡ್ ಮಾಡಿ ಮೇಡಂ,” ಎಂದು ಬರೆದರು.

ಹುಡುಗಿಯನ್ನು ಮೇಜಿನ ಬಳಿ ಕರೆದೆ. “ನಿಮ್ಮವ್ವ ದಿನಾ ವಾರ್ತೆ ಯಾಕೆ ಕೇಳ್ತಾಳೆ ಗೊತ್ತಾ? ಹಿಂದೆ ನೀನು ಸೀನೋದು ಕೇಳಿಸುತ್ತಾ ಅಂತ,” ಎಂದೆ.

“ಝೂಠ್.”

“ಸುಳ್ಳು ಹೇಳಬಾರದು ಅಂತ ನಿಯಮ ಮಾಡಿದೋಳು ನಾನೇ ಅಲ್ವೇನೆ?”

ಅವಳು ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತ ಯೋಚಿಸಿದಳು. “ಇತ್ನೇ ದೂರ್ ತಕ್ ಸುನಾಯೀ ದೇತಾ ಹೈ?” ಎಂದು ಕೇಳಿದಳು. ಹೌದು, ಅಷ್ಟು ದೂರಕ್ಕೂ ಕೇಳಿಸುತ್ತದೆ ಎಂದೆ. ಹೋಗಿ ತನ್ನ ಜಾಗದಲ್ಲಿ ಕೂತಳು.

ಮರುದಿನ ವಾರ್ತೆಗೆ ಫೋನ್ ಹಿಡಿದಿದ್ದೆ. ಒಬ್ಬ ಹುಡುಗ ಲೆಕ್ಕದ ಪಾಠದ ಸುದ್ದಿ ಹೇಳುತ್ತಿದ್ದ. ಇವಳು ತನ್ನ ಬೆಂಚು ಬಿಟ್ಟು ಗೆಳತಿಯ ಕೈ ಹಿಡಿದು ಎಳೆದು ತಂದು ಮೊದಲ ಬೆಂಚಿನಲ್ಲಿ, ಸರಿಯಾಗಿ ನನ್ನ ಹಿಂದೆ, ಕೂತಳು. ಗೆಳತಿಯ ಕಡೆ ತಿರುಗಿ, ದಿನವಿಡೀ ಹಿಂದಿಯಾಡುವ ಹುಡುಗಿ, ಅವ್ವನ ಕನ್ನಡದಲ್ಲಿ ಶುರು ಮಾಡಿದಳು: “ಗೊತ್ತೈತೇನ? ನಿನ್ನೆ ಅಪ್ಪ ಅನ್ನ ಹೊತ್ತಿಸಿದ. ಅತ್ತಿ ತಲಿ ಬಾಚೂವಾಗ ಭಾಳ ಜಗ್ಗತಾಳ. ನನ್ನ ಮುಂದಿನ ಹಲ್ಲು ಅಳಗಾಡಾಕತ್ತೈತಿ.”

ಗೆಳತಿಯ ಮನೆಯಲ್ಲಿ ತುಳು. ವಿಜಯಪುರದ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ, ಚಿಕ್ಕಿ ಕಡಿಯುತ್ತ ತಲೆಯಾಡಿಸಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಮುಂದೆ ಒಬ್ಬರು ವಾರ್ತೆ ಓದುವುದು, ಹಿಂದೆ ಇವಳು ಗೆಳತಿಯ ನೆಪದಲ್ಲಿ ತನ್ನ ವರದಿ ಒಪ್ಪಿಸುವುದು. ದನಿ ದಿನೇ ದಿನೇ ಏರುತ್ತ ಹೋಗಿ, ಮುಂದಿನವರು ಏನು ಹೇಳಿದರೆಂದೇ ಕೇಳಿಸದ ಸ್ಥಿತಿ ಬಂತು. “ಕಲ್ ಭೀ ತೋ ಯಹೀ ಬೋಲೀ ಥೀ,” ಎಂದು ಗೆಳತಿ ನಿನ್ನೆಯ ಮಾತೇ ಮತ್ತೆ ಬಂತೆಂದು ಬೇಸರಪಟ್ಟರೆ, “ಸುಮ್ನ ಕೇಳ,” ಎಂದು ಗದರಿಸುತ್ತಿದ್ದಳು. ನಾನು ಗದರಿಸುವ ರೀತಿ ಅದು, ಬೇರೆ ಯಾರದ್ದೂ ಅಲ್ಲ. ಮೈಸೂರಿನವರು ಒಂದು ದಿನ ನನಗೆ ಮೆಸೇಜು ಮಾಡಿದರು: “ಹಲ್ಲು ಬಿತ್ತಾ ಮೇಡಂ? ಮನೇಲಿ ಎಲ್ರೂ ಕೇಳ್ತಿದಾರೆ.”

ಆದರೆ ಮನೆಗೆ ತಾಯಿಯ ಫೋನ್ ಬಂದರೆ ಈಗಲೂ ಮೂಲೆಯೇ ಎಂದು ಅಪ್ಪ ಹೇಳಿದ. ಕೇಳಿಸಿಕೊಳ್ಳಲಿ, ಆದರೆ ನಾನು ಅವಳಿಗೆ ಹೇಳುವುದಿಲ್ಲ ಎಂಬುದು ಹುಡುಗಿಯ ನಿಲುವು. ಅಷ್ಟು ಬಿಗಿಯಾದ ನಿಲುವನ್ನು ನಮ್ಮ ಶಾಲೆಯ ಕಮಿಟಿಯಲ್ಲೂ ನಾನು ಕಂಡಿಲ್ಲ.

ಮಳೆಗಾಲದಲ್ಲಿ ಒಂದು ದಿನ ಗೆಳತಿಗೆ ಜ್ವರ ಬಂದು ಶಾಲೆಗೆ ಬರಲಿಲ್ಲ. ಹಲ್ಲು ಬಿದ್ದದ್ದೂ ಅಂದೇ. ಮಧ್ಯಾಹ್ನದ ಚಪಾತಿಯಲ್ಲಿ ಸಿಕ್ಕಿಕೊಂಡು ಬಂದ ಅದನ್ನು ತೊಳೆದು, ಉಳಿದ ಪಾಠವನ್ನೆಲ್ಲ ಮುಷ್ಟಿ ಕಟ್ಟಿಕೊಂಡೇ ಕೇಳಿದಳು. ವಾರ್ತೆಯ ಹೊತ್ತಿಗೆ ರೂಢಿಯಂತೆ ಮೊದಲ ಬೆಂಚಿಗೆ ಬಂದು ಕೂತಳು. ಪಕ್ಕದ ಜಾಗ ಖಾಲಿ. ಅತ್ತ ತಿರುಗಿ ಬಾಯಿ ತೆರೆದವಳು ಮುಚ್ಚಿದಳು. ಅಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಹೇಳಲು ಯಾರೂ ಇಲ್ಲ. ಮುಂದೆ ವಾರ್ತೆ ಹೇಳುತ್ತಿದ್ದ ಮೈಸೂರಿನವರ ಹುಡುಗ ಅರ್ಧಕ್ಕೆ ನಿಲ್ಲಿಸಿ, ತಾನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಅವಳು ಎದ್ದು ಫೋನಿನ ಹತ್ತಿರ ಬಂದಳು. ಮುಷ್ಟಿ ಬಿಚ್ಚಿ ಅದಕ್ಕೆ ತೋರಿಸಿದಳು. ಆಮೇಲೆ, “ಅವ್ವ, ಹಲ್ಲ ಬಿತ್ತು,” ಎಂದಳು. ಮುಷ್ಟಿ ಮತ್ತೆ ಕಟ್ಟಿ, “ನೀ ಇರಲಿಲ್ಲ,” ಎಂದಳು.

ನಾನು ರೆಕಾರ್ಡ್ ಗುಂಡಿಯಿಂದ ಹೆಬ್ಬೆರಳು ಎತ್ತಿದೆ, ವಾರ್ತೆ ಹೋಯಿತು.

ಮಕ್ಕಳು ಬ್ಯಾಗು ತುಂಬಿಸುತ್ತಿದ್ದಾಗ ಉತ್ತರ ಬಂತು. ಆ ತಾಯಿ ಗುಂಪಿನಲ್ಲಿ ಮೊದಲ ಬಾರಿ ಮಾತಾಡಿದ್ದಳು. ಹುಡುಗಿಯನ್ನು ಕರೆದು, ಕೇಳುತ್ತೀಯಾ ಎಂದೆ. ಬೇಡವೆನ್ನಲಿಲ್ಲ. “ಹಲ್ಲ ಒಗೀಬ್ಯಾಡ ನನ್ನ ಬಂಗಾರ. ತಗದ್ ಇಡು. ನಾ ಬಂದಮ್ಯಾಲ ಇಬ್ಬರೂ ಕೂಡಿ ಮನಿ ಪತ್ರಾಸಿನ ಮ್ಯಾಲ ಒಗ್ಯೂಣು. ನಾ ಇರಬೇಕಿತ್ತವ್ವ. ಖರೇನ ಇರಬೇಕಿತ್ತು,” ಎನ್ನುವಷ್ಟರಲ್ಲಿ ದನಿ ಒಡೆದಿತ್ತು. ಅದರ ಹಿಂದೆಯೇ, ಎಲ್ಲೋ ಪಕ್ಕದಲ್ಲಿ, ಎಳೆಮಗು ಒಂದೇ ಸಮನೆ ಅಳುತ್ತಿತ್ತು.

ಹುಡುಗಿ ಮತ್ತೊಮ್ಮೆ ಹಚ್ಚಲು ಹೇಳಿದಳು. ಈ ಸಲ ಫೋನಿಗೆ ಕಿವಿ ಒತ್ತಿ, ಹುಬ್ಬು ಗಂಟಿಕ್ಕಿ ಕೇಳಿದಳು.

“ಅಂವ ಯಾಕ ಅಳಾಕತ್ತಾನ?”

“ಹಸಿವಾಗಿರಬೇಕು. ನಿಮ್ಮವ್ವ ನಿನ್ನ ಜೊತೆ ಮಾತಾಡ್ತಾ ಇದ್ದಾಳಲ್ಲ.”

ಅವಳು ಆ ಮಾತನ್ನು ಬಹಳ ಹೊತ್ತು ಬಾಯಿಯ ಹೊಸ ಸಂದಿಯಲ್ಲಿ ನಾಲಿಗೆ ಆಡಿಸುತ್ತ ಯೋಚಿಸಿದಳು. ಆಮೇಲೆ, “ಮೊದಲ ಅಂವಗ ಹಾಲ ಕುಡಸಂತ ಹೇಳ್ರಿ ಅವ್ವಗ. ನಾ ತಡೀತೀನಿ,” ಎಂದಳು.

“ನೀನೇ ಹೇಳು,” ಎಂದು ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟೆ. ತಗೊಂಡಳು.