ಹೂಂ ಎಂಬ ಸಹಿ

ನಮ್ಮ ಕೊಪ್ಪದ ಕಡೆ, ಎದುರಿನವರು ಮಾತಾಡುವಾಗ ‘ಹೂಂ’ ಅನ್ನದೆ ಕೂತವನು ಏನೋ ಮುನಿಸಿಕೊಂಡಿದ್ದಾನೆ ಅಂತಲೇ ಲೆಕ್ಕ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುವುದು ನಿಲ್ಲಿಸಿದರೆ ರಾಜಕುಮಾರ ನಡುದಾರಿಯಲ್ಲೇ ನಿಂತುಬಿಡುತ್ತಿದ್ದ. ಈ ಹೂಂ ವ್ಯಾಕರಣದಲ್ಲಿ ಅವ್ಯಯವೋ, ಬರೀ ಗಂಟಲಿನ ಗಾಳಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಸಹಿಯೂ ಹೌದು ಅಂತ ಮಾತ್ರ ಒಂದು ಸಾಲದ ಕಂಪನಿಯವರಿಂದ ತಿಳಿಯಿತು.

ನನ್ನ ಹೆಂಡತಿ ಸುಮಿತ್ರಾ ಶೆಟ್ಟಿಕೊಪ್ಪದ ಶಾಲೆಯಲ್ಲಿ ಟೀಚರು. ಬಸ್ಸು ನಂಬಿಕೊಂಡರೆ ಪ್ರಾರ್ಥನೆ ಮುಗಿದ ಮೇಲೇ ತಲುಪುವುದು ಅಂತ, ನನ್ನ ಹೆಸರಲ್ಲಿ ಸಾಲ ಮಾಡಿ ಅವಳಿಗೊಂದು ಸ್ಕೂಟರ್ ಕೊಂಡೆವು. ಒಂದು ಕಂತೂ ತಪ್ಪಿಸಲಿಲ್ಲ. ಆದರೂ ಕೊನೆಗೆ ಬಂದ ಸ್ಟೇಟ್‌ಮೆಂಟಿನಲ್ಲಿ ‘ಸುರಕ್ಷಾ ಯೋಜನೆ ಶುಲ್ಕ’, ಅದನ್ನು ಕಟ್ಟದ್ದಕ್ಕೆ ದಂಡ, ದಂಡಕ್ಕೆ ಬಡ್ಡಿ! ಕಟ್ಟದಿದ್ದರೆ ಸ್ಕೂಟರ್ ಎತ್ತಿಕೊಂಡು ಹೋಗುತ್ತೇವೆ ಎಂಬ ನೋಟಿಸು ಬೇರೆ. ಯಾವ ಯೋಜನೆ ಮಾರಾಯ ಅಂತ ಫೋನ್ ಮಾಡಿದರೆ, “ನೀವೇ ಫೋನಲ್ಲಿ ಒಪ್ಪಿದ್ದೀರಿ ಸರ್, ರೆಕಾರ್ಡ್ ಇದೆ” ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಚಿಕ್ಕಮಗಳೂರಿನ ಗ್ರಾಹಕರ ವೇದಿಕೆಗೆ ದೂರು ಕೊಟ್ಟೆ. ವಿಚಾರಣೆಗೆ ಸುಮಿತ್ರಾ ರಜೆ ಹಾಕಿ ಜೊತೆಗೆ ಬಂದಳು. ಕಂಪನಿಯ ವಕೀಲರು ಅಧ್ಯಕ್ಷರ ಮುಂದೆ ರೆಕಾರ್ಡ್ ಹಾಕಿದರು. ಒಬ್ಬ ಹುಡುಗಿ ಉಸಿರು ಬಿಡದೆ ಯೋಜನೆಯ ಗುಣಗಾನ ಮಾಡುತ್ತಿದ್ದಾಳೆ. ನಡುನಡುವೆ ನನ್ನ ಹೂಂ.

“ನೋಡಿ, ಒಪ್ಪಿಗೆ” ಅಂದರು ವಕೀಲರು.

“ಅದು ಒಪ್ಪಿಗೆ ಅಲ್ಲ ಸರ್, ಕೇಳ್ತಾ ಇದ್ದೀನಿ ಅಂತ ಅಷ್ಟೇ. ನಮ್ಮ ಕಡೆ ಎಲ್ಲ ಹಂಗೇ” ಅಂದೆ ನಾನು.

ಅಷ್ಟರಲ್ಲಿ ರೆಕಾರ್ಡಿನ ಹುಡುಗಿ, “ಯೋಜನೆ ಬೇಡ್ವಾ ಸರ್?” ಅಂದಳು. ನನ್ನ ದನಿ, “ಹೂಂ.” “ಹಂಗಾದ್ರೆ ಬೇಕಾ ಸರ್?” ಅದಕ್ಕೂ, “ಹೂಂ.”

ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಇವರು ಒಪ್ಪಿದ್ದೂ ಇಲ್ಲ, ಕೇಳಿಸಿಕೊಂಡದ್ದೂ ಇಲ್ಲ” ಅಂದರು. ಶುಲ್ಕ, ದಂಡ, ಬಡ್ಡಿ ಎಲ್ಲ ರದ್ದಾಯಿತು. ಸ್ಕೂಟರ್ ಉಳಿಯಿತು. ಗೆದ್ದೆನೋ, ಮರ್ಯಾದೆ ಹೋಯಿತೋ ತಿಳಿಯದೆ ಹೊರಗೆ ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸುಮಿತ್ರಾ ಮಾತಿಲ್ಲದೆ ಕೂತಿದ್ದಳು. ಖುಷಿಗೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಬಾಳೆಹೊನ್ನೂರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ಅಲ್ಲ ಮಾರಾಯ್ರೆ, ಮದುವೆ ಆದಾಗಿಂದ ನಂಗೆ ಹೂಂ ಅಂದಿದ್ದೂ ಇದೇ ಹೂಂ ಏನು?”

ಹೂಂ ಅಂದರೆ ತಪ್ಪೊಪ್ಪಿಗೆ. ಊಹೂಂ ಅಂದರೆ ನಂಬುವವರು ಯಾರು? ಕೊನೆಗೆ, “ಇನ್ನೊಂದ್ಸಲ ಹೇಳು ಮಾರಾಯ್ತಿ, ಸರಿಯಾಗಿ ಕೇಳಿಸ್ಕೊಳ್ತೀನಿ” ಅಂದೆ.

ಅವಳು ಹೇಳತೊಡಗಿದಳು, ಮದುವೆಯಾದ ದಿನದಿಂದ.