ಪೂಜೆಗೆ ಮುಂಚಿನ ಬೆಲ್ಲ

ಅದು ೧೯೭೩ನೇ ಇಸವಿ. ನನ್ನ ತಂಗಿ ಶಿವಮ್ಮನಿಗೆ ಆಗ ಹನ್ನೆರಡು ವರ್ಷ. ಸಕ್ಕರೆ ಕಾಯಿಲೆ ಬಂದು ಮೂರು ತಿಂಗಳಾಗಿತ್ತು. ಹನೂರಿನ ನಮ್ಮ ಮನೆಗೆ ಕಾಂಪೌಂಡರ್ ದಿನಾ ಬೆಳಿಗ್ಗೆ ಬಂದು ಇನ್ಸುಲಿನ್ ಚುಚ್ಚಿ ಹೋಗುತ್ತಿದ್ದರು. ಸೂಜಿಯಾಗುತ್ತಲೇ ಸ್ನಾನ, ಲಿಂಗಪೂಜೆ, ಆಮೇಲೆ ಊಟ. ಪೂಜೆಯಾಗದೆ ನಮ್ಮಲ್ಲಿ ಯಾರೂ ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಅವಳ ಕೈಗೆ ಸಿಹಿ ಸಿಗದ ಹಾಗೆ ಕಾಯುವುದು ನನ್ನ ಕೆಲಸ. ನಾನು ಮೊದಲೇ ಜೋರು, ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿ ಏಣಿಯನ್ನೂ ಬಚ್ಚಿಟ್ಟಿದ್ದೆ.

ಅಪ್ಪನಿಗೆ ಜ್ವರವಿದ್ದುದರಿಂದ ನಾನೇ ಅವಳನ್ನು ಮೈಸೂರಿನ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಾತ್ರಿ ಆಸ್ಪತ್ರೆಯ ಜಗಲಿಯಲ್ಲೇ ಮಲಗಿದ್ದೆವು. ಬೆಳಿಗ್ಗೆ ಅಲ್ಲೇ ಅವಳಿಗೆ ಇನ್ಸುಲಿನ್ ಸೂಜಿ ಹಾಕಿದರು. "ಇದು ಯಾವತ್ತು ವಾಸಿಯಾಗುತ್ತೆ ಡಾಕ್ಟ್ರೇ?" ಎಂದೆ. ಅವರು ಹೇಳಿದರು: "ಹೊರದೇಶದಲ್ಲಿ ಇಲಿಗಳ ಮೇಲೆ ಮಾಡಿ ನೋಡಿದ್ದಾರಮ್ಮ. ಆರೋಗ್ಯವಾಗಿರೋ ಇಲಿಯ ಹೊಟ್ಟೆಯಿಂದ ಇನ್ಸುಲಿನ್ ತಯಾರಿಸೋ ಜೀವಕೋಶ ತೆಗೆದು ಕಾಯಿಲೆ ಇಲಿಗೆ ಹಾಕಿದರೆ ಸಕ್ಕರೆ ಇಳೀತಂತೆ. ಮನುಷ್ಯರಿಗೆ ಬರೋದು ಇನ್ನೂ ದೂರ."

ಅವರು ಇನ್ನೂ ಏನೇನೋ ಹೇಳುತ್ತಿದ್ದರು. ನನ್ನ ತಲೆಯಲ್ಲಿ ಆ ಇಲಿಗಳೇ ಓಡಾಡುತ್ತಿದ್ದವು. ಹ್ಞೂ ಹ್ಞೂ ಎಂದು ತಲೆಯಾಡಿಸಿ, ಶಿವಮ್ಮನನ್ನು ಎಳೆದುಕೊಂಡು ಓಡಿಹೋಗಿ ಮಳವಳ್ಳಿ ಮೇಲೆ ಕೊಳ್ಳೇಗಾಲಕ್ಕೆ ಬರುವ ಬಸ್ಸು ಹತ್ತಿದೆ.

"ಇಲಿಗಾಯ್ತು, ನಂಗ್ಯಾವಾಗಕ್ಕ?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ಆಮೇಲೆ, "ಅಕ್ಕಾ, ಒಟ್ಟೆ ಅಸೀತದೆ" ಎಂದಳು.

"ವಸಿ ತಡ್ಕಳೇ. ಸ್ನಾನ ಇಲ್ಲ, ಪೂಜೆ ಇಲ್ಲ. ಕೊಳ್ಳೇಗಾಲದಲ್ಲಿ ಚಿಕ್ಕಮ್ಮನ ಮನೇಲಿ ಪೂಜೆ ಮಾಡ್ಕಂಡು ಉಣ್ಣೀವಂತೆ" ಎಂದು ಗದರಿದೆ.

ಸತ್ತೇಗಾಲದ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಕೆಳಗಿಳಿಸಿ ನೋಡುತ್ತೇನೆ, ಶಿವಮ್ಮನ ಲಂಗ ರವಿಕೆ ಬೆವರಿನಿಂದ ತೊಯ್ದುಹೋಗಿದೆ, ಕೈ ಗಡಗಡ ನಡುಗುತ್ತಿದೆ. "ಶಿವೂ" ಎಂದರೆ ನಾನು ಯಾರೋ ಎಂಬಂತೆ ನೋಡಿದಳು. ಸಕ್ಕರೆ ಏರಿಬಿಟ್ಟಿತು ಎಂದೇ ತಿಳಿದೆ. ರಸ್ತೆಗೆ ಓಡುವುದು, ಗಾಡಿಯೊಂದೂ ಕಾಣದೆ ಅವಳ ಹತ್ತಿರ ವಾಪಸು ಓಡಿಬರುವುದು. ನಿಂತಲ್ಲಿ ನಿಲ್ಲಲಾಗಲಿಲ್ಲ.

ರಸ್ತೆ ಪಕ್ಕದ ಆಲೆಮನೆಯಿಂದ ಒಬ್ಬ ಹೆಂಗಸು ಬಿಸಿಬೆಲ್ಲದ ಉಂಡೆ ಹಿಡಿದು ಬಂದಳು. "ಮಗ ಅಸ್ಕಂಡದೆ, ಮೊಕ ನೋಡಿದ್ರೆ ಗೊತ್ತಾಗಕಿಲ್ವಾ?"

"ಬ್ಯಾಡ ಕಣಮ್ಮ, ಸಕ್ಕರೆ ಕಾಯ್ಲೆ! ಸತ್ತೋಯ್ತಳೆ!" ಎಂದು ಅವಳ ಕೈಗೆ ಹೊಡೆದೆ. ಬೆಲ್ಲ ಮಣ್ಣಿಗೆ ಬಿತ್ತು.

"ಜೀವ ಓಯ್ತಾ ಅದೆ, ಸುಮ್ಕಿರವ್ವಾ!" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಇನ್ನೊಂದು ಚೂರು ತಂದು ಶಿವಮ್ಮನ ಕೆನ್ನೆಯೊಳಗೆ ಒತ್ತಿದಳು. ನುಂಗುವುದನ್ನು ನೋಡಿಕೊಂಡು ಕಬ್ಬಿನ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿದಳು. ನನ್ನ ತಂಗಿಯನ್ನು ಕೊಂದೆಯಲ್ಲೇ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಾ ಅಳುತ್ತಿದ್ದೆ.

ಕಾಲು ಗಂಟೆಯಾಗಿರಬಹುದು. ಶಿವಮ್ಮ ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು: "ಅಕ್ಕಾ, ಪೂಜೆ ಆಗ್ದೇ ಬೆಲ್ಲ ತಿಂದ್ಬುಟ್ಟೆ. ಬಯ್ಬ್ಯಾಡ."

ಆಗ ನೆನಪಾಯಿತು, ಡಾಕ್ಟರು ಹೇಳುತ್ತಿದ್ದುದು! "ಸೂಜಿಯಾದ ಅರ್ಧ ಗಂಟೆಗೆ ಊಟ ಕೊಡಿ. ತಡವಾದರೆ ಮೈಯ ಸಕ್ಕರೆ ತೀರಾ ಇಳಿದುಬಿಡುತ್ತೆ, ಬೆವರಿ ನಡುಗಿದರೆ ತಕ್ಷಣ ಸಕ್ಕರೆ ತಿನ್ನಿಸಿ." ಮನೆಯಲ್ಲಿ ಆ ಅರ್ಧ ಗಂಟೆ ಪೂಜೆಯಲ್ಲೇ ಕಳೆದುಹೋಗುತ್ತಿತ್ತು, ಅದಕ್ಕೇ ತಡವಾದರೆ ಏನಾಗುತ್ತದೆಂದು ನನಗೆ ಗೊತ್ತಾಗಿರಲಿಲ್ಲ. ಆ ಹೆಂಗಸಿನ ಕಾಲಿಗೆ ಬಿದ್ದೆ. ಅವಳು ನನ್ನನ್ನು ಎಬ್ಬಿಸಿ, "ನೀನೂ ವಸಿ ತಿನ್ನವ್ವಾ, ನಿನ್ ಮೊಕಾನೂ ಅಂಗೇ ಅದೆ" ಎಂದಳು. ನಾನೂ ತಿಂದೆ, ಪೂಜೆಯಿಲ್ಲದೆ. ಗಾಬರಿಯಲ್ಲಿ ಅವಳ ಹೆಸರನ್ನೂ ಕೇಳಲಿಲ್ಲ.

ಆರು ವರ್ಷವಾಯಿತು. ಶಿವಮ್ಮ ಕೊಳ್ಳೇಗಾಲದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಅವಳ ಬಸ್ಸು ಬರುವವರೆಗೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. "ಪೇಪರ್‌ನಲ್ಲಿ ಇಲಿ ಸುದ್ದಿ ಏನಾರ ಬಂತಾ?" ಎಂದು ಈಗಲೂ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಬೆಲ್ಲವನ್ನು ಮಣ್ಣಿಗೆ ಕೆಡವಿದ ಇದೇ ಕೈಯಿಂದ ದಿನಾ ಅವಳ ಚೀಲಕ್ಕೆ ಬೆಲ್ಲ ಹಾಕಿ ಕಳಿಸುತ್ತೇನೆ.

ಮೊನ್ನೆ ಸೂಜಿಯಾದ ಮೇಲೆ ಸ್ನಾನಕ್ಕೆ ನೀರು ಕಾಯುವುದು ತಡವಾಯಿತು. ತಟ್ಟೆ ತಂದು ಮುಂದಿಟ್ಟೆ. "ಪೂಜೆ ಆಗಿಲ್ವಲ್ಲಕ್ಕ" ಎಂದು ಬೇಕೆಂದೇ ಕೆಣಕಿದಳು.

"ಪೂಜೆ ಎಲ್ಲೂ ಓಡೋಗಲ್ಲ. ಮೊದ್ಲು ತಿನ್ನೇ" ಎಂದೆ.