ನಗಬೇಡಿ ಮಾಮ

ಸ್ಟುಡಿಯೊ ಬೋರ್ಡಿನ ಮೇಲೆ ಯಾವ ಹೆಸರಿದ್ದರೇನು, ಬೀದಿಯ ಮಕ್ಕಳಿಗೆಲ್ಲ ಅವರು ನಗಬೇಡಿ ಮಾಮ. ಕ್ಯಾಮೆರಾ ಹಿಂದೆ ನಿಂತರೆ ಸಾಕು, "ಗದ್ದ ಕೆಳಗೆ. ಭುಜ ನೆಟ್ಟಗೆ. ನಗಬೇಡಿ!" ಎಂದು ಮೂಗು ಸಿಂಡರಿಸಿ ಗದರುವುದು ಅವರ ರೂಢಿ. ನನ್ನನ್ನೂ ಸೇರಿಸಿ ಊರಿನ ಅರ್ಧ ಜನ ಗುರುತಿನ ಚೀಟಿಯಲ್ಲಿ ಈಗಷ್ಟೇ ಸಿಕ್ಕಿಬಿದ್ದ ಜೇಬುಗಳ್ಳರ ಹಾಗೆ ಕಾಣುವುದು ಅವರ ಕೈಚಳಕದಿಂದಲೇ. ನನ್ನ ವಿಷಯದಲ್ಲಿ ಮೂಲ ಮುಖದ ಪಾಲೂ ಸ್ವಲ್ಪ ಇರಬಹುದು.

ಆ ಗದರಿಕೆಗೆ ಬಗ್ಗದವನು ಒಬ್ಬನೇ, ನಮ್ಮ ಬೀದಿಯ ನರ್ಸಮ್ಮನ ಮಗ. ಚಿಕ್ಕಂದಿನಿಂದಲೂ ಅವನಿಗೆ ಕ್ಯಾಮೆರಾ ಕಂಡರೆ ನಗು. ನಗಬೇಡ ಅಂದರೆ ಇನ್ನೂ ನಗು, ಸ್ಟೂಲಿನಿಂದ ಜಾರಿ ಬೀಳುವಷ್ಟು. ಮಾಮ ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಬಟನ್ ಒತ್ತಿ, ಹೇಗೋ ಒಂದು ಬಿಗಿ ಮುಖ ಹಿಡಿದು, ಮಿಕ್ಕಿದ್ದನ್ನೆಲ್ಲ ವೇಸ್ಟ್ ಎಂದು ಅಳಿಸಿ ಹಾಕುತ್ತಿದ್ದರು. ಅವನು ಸೇನೆ ಸೇರಿದ ಮೇಲೂ ಇದೇ ಕಥೆ. ಲೆಫ್ಟಿನೆಂಟ್ ಆಗಿ ಬಂದ, ಕ್ಯಾಪ್ಟನ್ ಆಗಿ ಬಂದ, ಪ್ರವಾಹದಲ್ಲಿ ಒಂದು ಇಡೀ ಹಳ್ಳಿಯನ್ನು ದಾಟಿಸಿದ್ದಕ್ಕೆ ಪದಕ ಸಿಕ್ಕಾಗ ಬಂದ, ಮೇಜರ್ ಆಗಿ ಬಂದ. ರಜೆಗೆ ಬಂದಾಗಲೆಲ್ಲ ಒಂದು ಫೋಟೊ, ಒಂದು ಜಗಳ.

"ಮಾಮಾ, ಒಂದೇ ಒಂದು ನಗೋದನ್ನ ಇಟ್ಕೊಳ್ಳಿ. ಅಮ್ಮಂಗೆ ಇಷ್ಟ."

"ಮೇಜರ್ ಸಾಹೇಬ್ರು ಹಲ್ಲು ಕಿರಿದ್ರೆ ಶತ್ರು ಹೆದರ್ತಾನೇನೋ? ಮುಚ್ಚು ಬಾಯಿ."

ಮೊನ್ನೆ ಮೊನ್ನೆ ಆ ಮೇಜರ್ ಗಡಿಯಲ್ಲಿ ತೀರಿಕೊಂಡ. ಗುಂಡೇಟು ತಿಂದು ಬಿದ್ದಿದ್ದ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ತಂದು, ಇನ್ನೊಬ್ಬನಿದ್ದಾನೆ ಎಂದು ಮತ್ತೆ ಹೋದವನು ವಾಪಸು ಬರಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಇಟ್ಟ ಆಳೆತ್ತರದ ಫೋಟೊ ಮಾಮ ತೆಗೆದದ್ದೇ. "ಎಂಥ ಗಾಂಭೀರ್ಯ ನೋಡಿ!" ಎಂದು ಜನ ಕಣ್ಣೊರೆಸಿಕೊಂಡರು. ಆ ದುಃಖದಲ್ಲೂ ಮಾಮ ಒಳಗೊಳಗೆ ಚೂರು ಉಬ್ಬಿದ್ದು ನಿಜ.

ಮಾರನೆಯ ದಿನ ನರ್ಸಮ್ಮ ಸ್ಟುಡಿಯೊಗೆ ಬಂದರು.

"ಅಣ್ಣಾ, ಫೋಟೊ ಚೆನ್ನಾಗಿದೆ. ಆದ್ರೆ ಅದು ಯಾರೋ ದೊಡ್ಡ ಆಫೀಸರ್ ತರ ಇದೆ. ನನ್ನ ಮಗ ನಗ್ತಿರೋದು ಒಂದು ಕೊಡಿ. ಮನೇಲಿ ಫೋಟೊ ತೆಗೀತಿದ್ದೋನು ಅವನೇ. ಎಲ್ಲದ್ರಲ್ಲೂ ನಾನಿದ್ದೀನಿ, ಅವನಿಲ್ಲ."

"ಹುಡುಕ್ತೀನಮ್ಮ" ಎಂದರು ಮಾಮ. ಹುಡುಕುವುದಕ್ಕೆ ಏನಿತ್ತು? ಅಳಿಸಿದ ಕೈ ಅವರದೇ.

ಮನೆಯಲ್ಲಿ ಹೆಂಡತಿ, "ಮದುಮಗನ ಮುಚ್ಚಿದ ಕಣ್ಣನ್ನೇ ತೆರೆಸಿದೋರು ನೀವು. ಇದೊಂದು ಬಾಯಿ ಬಿಡಿಸೋಕಾಗಲ್ವಾ?" ಎಂದರು. ಮಾಮ ಕಂಪ್ಯೂಟರ್ ಮುಂದೆ ಕೂತರು. ಯಾವುದೋ ಮದುವೆಯ ಆಲ್ಬಮ್ಮಿನ ನಗು ತಂದು ಮೇಜರ್ ಮುಖಕ್ಕೆ ಅಂಟಿಸಿದರು. ನೋಡಿದರೆ ಟೂತ್‌ಪೇಸ್ಟ್ ಜಾಹೀರಾತು! ಆದರೂ ಗಟ್ಟಿ ಮನಸ್ಸು ಮಾಡಿ ಚೌಕಟ್ಟು ಹಾಕಿಸಿ ಒಯ್ದರು.

ನರ್ಸಮ್ಮನ ಮನೆಯಲ್ಲಿ ಊರುಗೋಲು ಒರಗಿಸಿಕೊಂಡು ಒಬ್ಬ ಸಿಪಾಯಿ ಕೂತಿದ್ದ. "ನನ್ನ ಮಗ ಹೊತ್ತು ತಂದನಲ್ಲ, ಅವರಲ್ಲಿ ಎರಡನೆಯವನು ಇವನೇ" ಎಂದು ಪರಿಚಯಿಸಿ, ನರ್ಸಮ್ಮ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಹಲ್ಲು ಯಾರದು ಅಣ್ಣಾ? ಅವನ ಮುಂದಿನ ಹಲ್ಲು ಸ್ವಲ್ಪ ಓರೆ."

ಮಾಮ ಫೋಟೊ ವಾಪಸು ತೆಗೆದುಕೊಂಡು ಬೋರಲು ಇಟ್ಟರು. "ನಗೋವು ಒಂದೂ ಇಲ್ಲಮ್ಮ. ಅವನು ಇಟ್ಕೊಳ್ಳಿ ಅಂತ ಕೇಳ್ಕೊಂಡಿದ್ದ. ನಾನೇ ವೇಸ್ಟ್ ಅಂತ ಅಳಿಸ್ದೆ. ಎಲ್ಲಾನೂ."

ನರ್ಸಮ್ಮ ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಕೆನ್ನೆಗೆ ಎರಡು ಬಿಗಿದಿದ್ದರೆ ಮಾಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಿಪಾಯಿ ಮಾಮನನ್ನೇ ನೋಡುತ್ತಿದ್ದ. "ಸಾರ್, ಗದ್ದ ಕೆಳಗೆ, ಭುಜ ನೆಟ್ಟಗೆ... ಅದು ನೀವೇನಾ?"

"ನಿನಗೆ ಹೇಗಪ್ಪ ಗೊತ್ತು?"

"ನಮಗೆಲ್ಲ ಬಾಯಿಪಾಠ ಸಾರ್. ಗಸ್ತಿಗೆ ಹೊರಡೋ ಮುಂಚೆ ಹುಡುಗ್ರು ಹೆದರಿ ಸಪ್ಪಗಿದ್ರೆ ಮೇಜರ್ ಸಾಹೇಬ್ರು ಎದುರಿಗೆ ಬಂದು ನಿಂತು, ಮೂಗು ಸಿಂಡರಿಸ್ಕೊಂಡು 'ನಗಬೇಡಿ!' ಅಂತ ಗದರ್ತಿದ್ರು. ಆಮೇಲೆ ತಾವೇ ಮೊದಲು ನಕ್ಬಿಡೋರು."

ಅವನು ಫೋನ್ ತೆಗೆದು ತೋರಿಸಿದ. ಹಿಂದೆ ಸಾಲಾಗಿ ನಿಂತ ಹುಡುಗರು ಹೊಟ್ಟೆ ಹಿಡಿದುಕೊಂಡಿದ್ದಾರೆ. ಮುಂದೆ ಮೇಜರ್, ಇಲ್ಲದ ಕ್ಯಾಮೆರಾ ಒಂದನ್ನು ಕಣ್ಣಿಗೆ ಹಿಡಿದು, ಬಾಯಿ ತುಂಬ ನಗುತ್ತಿದ್ದಾನೆ. ಫೋಕಸ್ ಇಲ್ಲ, ಬೆಳಕಿಲ್ಲ, ಅರ್ಧ ಮುಖ ಅಲುಗಾಡಿದೆ. ಓರೆ ಹಲ್ಲು ಮಾತ್ರ ಸ್ಪಷ್ಟ. ಮಾಮನ ಕೈಗೆ ಸಿಕ್ಕಿದ್ದರೆ ಅರೆಗಳಿಗೆಯೂ ಉಳಿಯುತ್ತಿರಲಿಲ್ಲ.

"ಇವನೇ" ಎಂದರು ನರ್ಸಮ್ಮ. ಬಹಳ ಹೊತ್ತು ನೋಡಿ, "ಅಣ್ಣಾ, ಇದನ್ನ ಸರಿ ಮಾಡೋಕೆ ಹೋಗ್ಬೇಡಿ" ಎಂದರು.

"ಮುಟ್ಟಲ್ಲಮ್ಮ."

ಮುಟ್ಟಲಿಲ್ಲ. ಇದ್ದದ್ದು ಇದ್ದ ಹಾಗೆ ದೊಡ್ಡದು ಮಾಡಿ, ಸಂಜೆ ತಾವೇ ಸ್ಟೂಲು ಹತ್ತಿ ನರ್ಸಮ್ಮನ ಮನೆಯ ಗೋಡೆಗೆ ಮೊಳೆ ಹೊಡೆದರು. ಕೆಳಗೆ ನಿಂತ ನರ್ಸಮ್ಮ ಮಗನ ಮುಖ ನೋಡುತ್ತ ನೋಡುತ್ತ ನಕ್ಕೇಬಿಟ್ಟರು. "ಇಷ್ಟು ದೂರ ಹೋಗಿ ನಿಮ್ಮನ್ನೇ ಅಣಕಿಸ್ತಿದ್ದ ನೋಡಿ. ನೀವೂ ಒಂಚೂರು ನಗಿ ಅಣ್ಣಾ."

ಮಾಮ ಸ್ಟೂಲಿನ ಮೇಲೆ ಸುತ್ತಿಗೆ ಹಿಡಿದು ನಿಂತೇ ಇದ್ದರು. ನಗಲಿಕ್ಕೆ ನೋಡಿದರು, ಆಗಲಿಲ್ಲ. ಗದ್ದ ತಾನಾಗಿಯೇ ಕೆಳಗಿತ್ತು.